ನೀಲಕಂಠಸ್ವಾಮಿಯ ಹಳೇ ಬಟ್ಟೆ

"ಅದೇನಿಲ್ಲ ಕಣೇ, ಯಾವುದೋ ಹಳೇ ಬಟ್ಟೆ" ಎಂದು ಸೋಮವಾರ, ಪೆಟ್ಟಿಗೆಯಲ್ಲೇನಿದೆ ಎಂದು ಕೇಳಿದ ಹೆಂಡತಿಗೆ ಹೇಳಿದ ಸುಳ್ಳು ಭಾನುವಾರ ಬೆಳಿಗ್ಗೆ ಬಂದು ನೀಲಕಂಠಸ್ವಾಮಿಯ ಕುತ್ತಿಗೆ ಹಿಡಿಯಿತು. ಬೀರುವಿನಲ್ಲಿ ಕಪ್ಪು ಪೆಟ್ಟಿಗೆ ಇತ್ತು. ಒಳಗೆ ಏಪ್ರನ್ ಇರಲಿಲ್ಲ.

ಚಾಮರಾಜನಗರದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಈತ ಹನ್ನೊಂದು ವರ್ಷದಿಂದ ಗುಂಡ್ಲುಪೇಟೆಯ ಫ್ರೀಮೇಸನ್ ಲಾಡ್ಜಿನ ಸದಸ್ಯ. ಜಾತಿ ಮತ ಕೇಳದೆ ಗಂಡಸರು ಸೇರಿಕೊಂಡು ನಡೆಸುವ ಸಹೋದರ ಸಂಘ ಅದು. ಕಣ್ಣಿನ ಶಿಬಿರ ಮಾಡುತ್ತಾರೆ, ಶಾಲೆಗೆ ಬೆಂಚು ಕೊಡುತ್ತಾರೆ. ಬಾಗಿಲು ಹಾಕಿಕೊಂಡು ಕೆಲವು ವಿಧಿ ನಡೆಸುತ್ತಾರೆ, ಅದನ್ನು ಹೊರಗೆ ಹೇಳುವಂತಿಲ್ಲ. ನೀಲಕಂಠಸ್ವಾಮಿಯೋ ಅತಿ ಜಾಗ್ರತೆಯ ಪ್ರಾಣಿ. ವಿಧಿ ಹಾಳಾಗಲಿ, ಲಾಡ್ಜಿನ ಹೆಸರನ್ನೇ ಮನೆಯಲ್ಲಿ ಎತ್ತಿರಲಿಲ್ಲ. ತಿಂಗಳಿಗೊಂದು ಭಾನುವಾರ ಕೋಟು ಹಾಕಿ, ಪೆಟ್ಟಿಗೆ ಹಿಡಿದು, "ಗುಂಡ್ಲುಪೇಟೇಲಿ ಗೊಬ್ಬರದ ಮೀಟಿಂಗು" ಎಂದು ಬಸ್ಸು ಹತ್ತುತ್ತಿದ್ದ.

ಇವತ್ತು ಮೂರು ಗಂಟೆಗೆ ಅವನನ್ನೇ ಲಾಡ್ಜಿನ ಮುಖ್ಯಸ್ಥನ ಪೀಠದಲ್ಲಿ ಕೂರಿಸುವವರಿದ್ದರು. ಸೊಂಟಕ್ಕೆ ಸದಸ್ಯರ ಬಿಳಿ ಏಪ್ರನ್ ಕಟ್ಟದವನಿಗೆ ಒಳಗೆ ಪ್ರವೇಶವಿಲ್ಲ.

"ಗುರುಮಲ್ಲಮ್ಮ, ಈ ಪೆಟ್ಗೇಲಿದ್ದದ್ದು ಎಲ್ಲೋಯ್ತು?"

"ಆ ಹಳೇ ಬಟ್ಟೆಯಾ? ಅದು ಬಟ್ಟೆಯಲ್ಲ, ಕುರಿಮರಿ ಚರ್ಮ. ಶಿವಪೂಜೆ ಪೆಟ್ಗೆ ಪಕ್ದಲ್ಲಿ ಚರ್ಮ ಮಡಗಿದ್ರಲ್ಲ, ನಿಮಗೇನಾರ ಬುದ್ಧಿ ಅದಾ? ಅಡುಗೆ ಪುಟ್ಟರಾಜು ಸೊಂಟಕ್ಕೆ ಕಟ್ಕಳಕ್ಕೆ ಏನಾರ ಕೊಡಿ ಅಂದ. ಕೊಟ್ಬುಟ್ಟೆ."

ನೀಲಕಂಠಸ್ವಾಮಿ ಹೆಂಚು ಹಾರಿಹೋಗುವಂತೆ ಕೂಗಾಡಿದ. ಅವನ ಕೂಗಾಟಕ್ಕೆ ಪಕ್ಕದ ಮನೆಯ ಮಲ್ಲಾಜಮ್ಮ ಕಾಂಪೌಂಡಿನ ಮೇಲೆ ಕುತ್ತಿಗೆ ಚಾಚಿದಳು.

"ಏನ್ ಕಳ್ಕಂಡ್ರಿ ಸ್ವಾಮಿ?"

"ಬಿಳೀದು ಕಣಮ್ಮ. ಸೊಂಟಕ್ಕೆ ಕಟ್ಟೋದು."

"ಒಂದು ಲಂಗೋಟಿಗೆ ಈ ಪಾಟಿ ಅರಚಾಟವಾ?"

ಹತ್ತು ನಿಮಿಷದಲ್ಲಿ ಬೀದಿಗೆಲ್ಲ ಲಂಗೋಟಿಯ ಸುದ್ದಿ ಮುಟ್ಟಿತು. ಎದುರು ಮನೆಯ ಮೃತ್ಯುಂಜಯ, ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು, ಸ್ಕೂಟರ್ ತಂದು ಬಾಗಿಲಿಗೇ ನಿಲ್ಲಿಸಿದ.

"ಪುಟ್ಟರಾಜು ಉಮ್ಮತ್ತೂರಲ್ಲಿ ಅವ್ನೆ. ನಿಶ್ಚಿತಾರ್ಥದ ಅಡುಗೆ. ಹತ್ತು, ಹೋಗನ."

"ನಾನೊಬ್ನೇ ಬಸ್ಸಲ್ಲಿ ಓಯ್ತಿನಿ ಬುಡಿ ಮೇಷ್ಟ್ರೇ."

"ಲಂಗೋಟಿ ಇಲ್ದೋನನ್ನ ಬಸ್ಸಲ್ಲಿ ಕಳ್ಸಕ್ಕಾಯ್ತದಾ? ಹತ್ಲಾ."

ಉಮ್ಮತ್ತೂರಿನ ನಿಶ್ಚಿತಾರ್ಥದ ಮನೆಯ ಹಿತ್ತಿಲಲ್ಲಿ ಪುಟ್ಟರಾಜು ಬೋಂಡ ಕರಿಯುತ್ತಿದ್ದ. ತಿಳಿನೀಲಿ ಅಂಚಿನ ಬಿಳಿ ಏಪ್ರನ್ ಮೇಲೆ ಅರಿಶಿನ, ಎಣ್ಣೆ, ಕಡಲೆಹಿಟ್ಟಿನ ಐದು ಬೆರಳಿನ ಗುರುತು. ನೀಲಕಂಠಸ್ವಾಮಿ ಒಲೆಯ ಹತ್ತಿರಕ್ಕೇ ನುಗ್ಗಿದ.

"ಪುಟ್ಟರಾಜು, ಅದನ್ನ ಬಿಚ್ಚು."

"ಯಾಕೆ ಸ್ವಾಮಿ?"

"ಯಾಕೆ ಅಂತ ಕೇಳ್ಬೇಡ."

"ಕಾದ ಎಣ್ಣೆ ಮುಂದೆ ಬಿಚ್ಚಿ ಹೊಟ್ಟೆ ಸುಟ್ಕಳ್ಳಾ? ಅಷ್ಟೊಂದು ಅರ್ಜೆಂಟಾದ್ರೆ ನೀವೇ ಕಟ್ಕಂಡು ಕರೀರಿ. ನನ್ ಜೊತೆಯವನು ಬೇರೆ ಕೈ ಕೊಟ್ಟವ್ನೆ. ಮುನ್ನೂರು ಜನಕ್ಕೆ ಆಗ್ಬೇಕು. ಮುಗಿದ್ಮೇಲೆ ತಕ್ಕಂಡೋಗಿ."

ಬೇರೆ ದಾರಿಯಿರಲಿಲ್ಲ. ನೀಲಕಂಠಸ್ವಾಮಿ ಎರಡೂ ಕೈ ಬೆನ್ನ ಹಿಂದೆ ಒಯ್ದ, ಪಟ್ಟಿ ಎಳೆದ, ನೋಡದೆಯೇ ಕೊಂಡಿ ಸಿಕ್ಕಿಸಿದ. ಹನ್ನೊಂದು ವರ್ಷದ ಅಭ್ಯಾಸ. ಮೃತ್ಯುಂಜಯನ ಕಣ್ಣು ಆ ಕೊಂಡಿಯ ಮೇಲೆಯೇ ನಿಂತಿತು.

ಕಪ್ಪು ಕೋಟು, ಟೈ, ಮೇಲೆ ಏಪ್ರನ್, ಕೈಯಲ್ಲಿ ಜಾಲರಿ. ಮೊದಲ ಒಬ್ಬೆ ಇದ್ದಿಲಾಯಿತು, ಎರಡನೆಯದು ಹಸಿ. ನಾಲ್ಕನೆಯದಕ್ಕೆ ಕೈ ಕುದುರಿತು. ಕೋಟಿನ ಭಟ್ಟನನ್ನು ನೋಡಲು ಬಂದ ಹೆಂಗಸರು ಫೋಟೋ ತೆಗೆದುಕೊಂಡರು. ಅವನು ಮಾತ್ರ ಬೋಂಡಕ್ಕೊಂದು ಸಲ ಗಡಿಯಾರ ನೋಡಿಕೊಂಡ.

ಒಂದು ಗಂಟೆಗೆ ಏಪ್ರನ್ ಬಿಚ್ಚಿ ಪೆಟ್ಟಿಗೆಗೆ ತುರುಕಿ ಓಡಿದ. ಗುಂಡ್ಲುಪೇಟೆ ಬಸ್ಸಿನಲ್ಲಿ ಚೆಂಡುಹೂವಿನ ಮೂಟೆಗಳ ನಡುವೆ ಒಂಟಿಕಾಲಲ್ಲಿ ನಿಂತ. ಲಾಡ್ಜಿನ ಬಾಗಿಲಿಗೆ ಬಂದಾಗ ಮೂರಕ್ಕೆ ಐದೇ ನಿಮಿಷ. ಪದ್ಧತಿಯಂತೆ ಕತ್ತಿ ಹಿಡಿದು ಬಾಗಿಲು ಕಾಯುತ್ತಿದ್ದ ಸುನೀಲ್ ಕುಮಾರ್ ಮೂಗು ಅರಳಿಸಿದ.

"ಏನಣ್ಣ, ಬೋಂಡದ ವಾಸ್ನೆ?" ಪೆಟ್ಟಿಗೆಯಿಂದ ತೆಗೆದ ಏಪ್ರನ್ ನೋಡಿ, ಅದನ್ನು ಹುಡುಕಿ ತಂದದ್ದು ಕೇಳಿ ನಕ್ಕ. "ಇದಕ್ಕಾ ಇಷ್ಟು ಓಡ್ಬಂದದ್ದು? ಮರೆತು ಬಂದೋರಿಗೆ ಅಂತ ಈ ಡಬ್ಬೀಲಿ ಒಂಬತ್ತು ಅವೆಯಲ್ಲ."

ನೀಲಕಂಠಸ್ವಾಮಿಗೆ ಆ ಕತ್ತಿ ಕಿತ್ತುಕೊಳ್ಳಬೇಕೆನಿಸಿತು.

ಒಳಗೆ ಎಲ್ಲ ಸಾಂಗವಾಗಿ ನಡೆಯಿತು. ಪ್ರಮಾಣ ಮಾಡಿದ, ಪೀಠದಲ್ಲಿ ಕೂತ. ಹಿಂದಿನ ಮುಖ್ಯಸ್ಥ ಶಿವಸ್ವಾಮಿ ಅವನಿಗೆ ಹೊಸ ಏಪ್ರನ್ ಕಟ್ಟಿದರು. ಪೀಠ ಹತ್ತಿದವನಿಗೆ ಹೊಸದು ಕೊಡುವುದು ಅಲ್ಲಿನ ರೂಢಿ. ಟೀ ಕುಡಿಯುವಾಗ ಬೆಳಗಿನ ಕತೆ ಕೇಳಿ ಅವರು ಬೈದರು.

"ಒಳಗಿನ ವಿಧಿ ಹೇಳ್ಬಾರ್ದು, ಅಷ್ಟೆ. ಹೆಂಡ್ತಿಗೆ ಲಾಡ್ಜಿನ ಹೆಸರೂ ಹೇಳ್ಬಾರ್ದು ಅಂತ ನಿನಗ್ಯಾರಯ್ಯ ಹೇಳಿದ್ದು? ನನ್ ಏಪ್ರನ್ನ ನಮ್ಮನೆಯೋಳೇ ಒರೆಸಿ ಮಡಗ್ತಳೆ."

ಹನ್ನೊಂದು ವರ್ಷದ ಭಾರ ಇಳಿದಂತಾಯಿತು. ಎಲ್ಲ ಹೇಳಿಬಿಡಬೇಕೆಂದು ನಿರ್ಧರಿಸಿ ಸಂಜೆ ಮನೆಗೆ ಬಂದರೆ ಅರ್ಧ ಬೀದಿ ಅವನ ಜಗಲಿಯಲ್ಲಿತ್ತು.

"ಗುರುಮಲ್ಲಮ್ಮ, ನಿನ್ಗೊಂದು ವಿಷ್ಯ ಮುಚ್ಚಿಟ್ಟಿದ್ದೆ."

"ಗೊತ್ತಾಯ್ತು, ಕೂತ್ಕಳಿ." ಅವಳ ಕಣ್ಣು ಕೆಂಪಾಗಿತ್ತು. "ಅಂಗಡಿ ನಡೀತಿಲ್ಲ ಅಂತ ಒಂದ್ ಮಾತು ಹೇಳ್ಬಾರ್ದಾಗಿತ್ತಾ? ಕದ್ದೋಗಿ ಗುಂಡ್ಲುಪೇಟೇಲಿ ಬೋಂಡ ಕರೀಬೇಕಾಗಿತ್ತಾ?"

"ಯಾರ್ ಹೇಳುದ್ರು?"

"ಕೊಂಡಿ ಹಾಕಿದ್ರಲ್ಲೇ ಗೊತ್ತಾಯ್ತು ಕಣ್ಲಾ" ಎಂದ ಮೃತ್ಯುಂಜಯ. "ಹೊಸಬನಾದ್ರೆ ಬೆನ್ನ ಹಿಂದೆ ತಡಕಾಡ್ತನೆ."

"ಅಯ್ಯೋ, ನಾನು ಫ್ರೀಮೇಸನ್ ಲಾಡ್ಜಿನ ಮುಖ್ಯಸ್ಥ ಕಣ್ರಪ್ಪ. ಇವತ್ತೇ ಆಗಿದ್ದು. ದೊಡ್ಡ ಸಂಘ ಅದು."

"ಏನ್ ಮಾಡ್ತೀರಿ ಅಲ್ಲಿ?" ಎಂದಳು ಮಲ್ಲಾಜಮ್ಮ.

"ಬಾಗಿಲು ಹಾಕ್ಕಂಡು ವಿಧಿ ನಡೆಸ್ತೀವಿ."

"ಏನ್ ವಿಧಿ?"

ನೀಲಕಂಠಸ್ವಾಮಿ ಬಾಯಿ ತೆರೆದ. ಮಧ್ಯಾಹ್ನವಷ್ಟೇ ಮಾಡಿದ ಪ್ರಮಾಣ ನೆನಪಾಯಿತು.

"ಅದನ್ನ ಹೇಳಂಗಿಲ್ಲ."

ಬೀದಿಯೆಲ್ಲ ಮುಖ ಮುಖ ನೋಡಿಕೊಂಡಿತು. "ಪಾಪ" ಎಂದಳು ಮಲ್ಲಾಜಮ್ಮ.

ಸಾಕ್ಷಿಗೆಂದು ಅವನು ಪೆಟ್ಟಿಗೆ ತೆರೆದು ಹೊಸ ಏಪ್ರನ್ ಎತ್ತಿ ಹಿಡಿದ. ಮೃತ್ಯುಂಜಯ ಅದರ ಅಂಚು ಮುಟ್ಟಿ ನೋಡಿದ. "ಹೊಸದು ಕೊಡ್ಸವ್ನೆ. ಒಳ್ಳೆ ಯಜಮಾನ."

ಗುರುಮಲ್ಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ದುಡಿಯಾಕೆ ನಾಚ್ಕೆ ಯಾಕೆ? ನಾಳೆ ಚಂದಕವಾಡೀಲಿ ಮದುವೆ ಅದಂತೆ. ಬತ್ತರೆ ಅಂತ ಪುಟ್ಟರಾಜುಗೆ ಹೇಳಿವ್ನಿ. ಬೆಳಗ್ಗೆ ಐದಕ್ಕೆ ಆಟೋ ಬತ್ತದೆ."

ಏಪ್ರನ್ನನ್ನು ಅವಳೇ ನೀಟಾಗಿ ಮಡಿಸಿ ಪೆಟ್ಟಿಗೆಗೆ ಹಾಕಿ ಗಂಡನ ಕೈಗೆ ಕೊಟ್ಟಳು.

"ಶಿವಪೂಜೆ ಪೆಟ್ಗೆ ಪಕ್ಕ ಮಾತ್ರ ಮಡಗ್ಬೇಡಿ."