ಐವತ್ತರಲ್ಲಿ ನಿಂತ ಹೆಡ್‌ಮಾಸ್ತರು

ನಿವೃತ್ತನ ಕೈಗೆ ಹೊಸ ವಿದ್ಯೆ ಸಿಕ್ಕರೆ ಊರಿನವರಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಕುಮಟೆಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳಿ, ಕರ್ಕಿಯ ಮನೆಯಲ್ಲಿ ಕೂತು ನಾನು ಕಲಿತ ವಿದ್ಯೆ ವಿಡಿಯೋ ಎಡಿಟಿಂಗ್!

೧. ಸೊನ್ನೆಯಿಂದ ನೂರು

ಅದರಲ್ಲಿ ಒಪ್ಯಾಸಿಟಿ ಅಂತ ಒಂದು ಗೆರೆ. ನೂರಕ್ಕೆ ಎಳೆದರೆ ಮನುಷ್ಯ ಗಟ್ಟಿ. ಐವತ್ತಕ್ಕೆ ತಂದರೆ ಅವನ ಹೊಟ್ಟೆಯೊಳಗಿಂದ ಹಿಂದಿನ ತೆಂಗಿನಮರ ಕಾಣುತ್ತದೆ. ಸೊನ್ನೆಗೆ ಮಾಯ. ಮೆಲ್ಲಗೆ ಏರಿಸಿದರೆ ಫೇಡ್ ಇನ್, ಇಳಿಸಿದರೆ ಫೇಡ್ ಔಟ್. ಹೆಂಡತಿಗೆ ಸಡಗರದಿಂದ ವಿವರಿಸಿದೆ.

"ಗೊತ್ತಾತು," ಅಂದಳು. "ಕಾಯಿ ಸುಲಿಯೂಕೆ ಕರೆದಾಗ ನೀವು ಸೊನ್ನೆ, ಊಟಕ್ಕೆ ಬಾಳೆ ಹಾಕಿದಾಗ ನೂರು."

೨. ಮೂರು ತಾಸಿನ ಬಣ್ಣ

ಪಕ್ಕದ ಮನೆಯ ಹೆಡ್‌ಮಾಸ್ತರಿಗೆ ಯಕ್ಷಗಾನದ ಹುಚ್ಚು. ಅವರ ಆಟದ ವಿಡಿಯೋದಲ್ಲಿ ವೇಷದ ಪ್ರವೇಶಕ್ಕೆ ಧಾರಾಳವಾಗಿ ಉದ್ದದ ಫೇಡ್ ಇನ್ ಕೊಟ್ಟೆ. ಅವರು ಪೂರ್ತಿ ಕಾಣುವಷ್ಟರಲ್ಲಿ ಕುಣಿತವೇ ಮುಗಿದಿತ್ತು.

"ಬಣ್ಣ ಹಚ್ಚೂಕೆ ಮೂರು ತಾಸು ಕೂತಿದ್ದೆ ಮಾರಾಯಾ. ಜನಕ್ಕೆ ಕಂಡದ್ದು ಬರೀ ನನ್ನ ಏದುಸಿರು!"

೩. ಆತು

ಅದೇ ಹೆಡ್‌ಮಾಸ್ತರು ಮೊನ್ನೆ ನಿವೃತ್ತರಾದರು. ಬೀಳ್ಕೊಡುಗೆಗೆ ಬಂದವರು ಬೆರಳೆಣಿಕೆಯ ಜನ. ಇನ್ನು ಮನೆ ಬಾಗಿಲಿಗೆ ಯಾರೂ ಬರಲಿಕ್ಕಿಲ್ಲ ಎಂದು ಅವರ ಮುಖ ಬಾಡಿತ್ತು.

"ಜನ ಮರೀದ ಹಾಂಗೆ ಒಂದು ವಿಡಿಯೋ ಮಾಡು," ಅಂದರು.

ಅದೇ ರಾತ್ರಿ ಜೀವ ತೇದು ಮಾಡಿದೆ. ತೆಂಗಿನಗುಂಡಿಯ ಕಡಲು, ಅದರ ಮೇಲೆ ಐವತ್ತರಲ್ಲಿ ಅವರ ನಗುಮುಖ, ಹಿಂದೆ ಕೊಳಲು, ಕೊನೆಗೆ ಬಿಳಿಯಲ್ಲಿ ಕರಗುವ ಫೇಡ್ ಔಟ್. ಅವರ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಮರುದಿನ ಬೆಳಿಗ್ಗೆಯೇ ಭಟ್ಕಳದಿಂದ ಒಬ್ಬನ ಫೋನು. "ಸರ್, ಹೆಡ್‌ಮಾಸ್ತರದ್ದು... ಯಾವಾಗ ಆತು?"

ಬೀಳ್ಕೊಡುಗೆಯನ್ನು ಕೇಳುತ್ತಿದ್ದಾನೆ ಅಂದುಕೊಂಡೆ. "ನಿನ್ನೆ ಹನ್ನೊಂದಕ್ಕೆ ಆತು."

"ತ್ರಾಸ್ ಆತಾ?"

"ಎಂತ ತ್ರಾಸು? ಕುರ್ಚಿ ಮೇಲೆ ನಗ್ತಾ ಕೂತಿದ್ರು. ಹಾರ ಹಾಕಿದ್ರು. ಅರ್ಧ ತಾಸಲ್ಲಿ ಎಲ್ಲ ಮುಗೀತು."

ಆ ಕಡೆ ಬಿಕ್ಕಿದ ಸದ್ದು.

ಎರಡು ತಾಸಿನೊಳಗೆ ಅವರ ಅಂಗಳ ತುಂಬಿತು. ಲುಂಗಿಯಲ್ಲಿ ಹಲ್ಲುಜ್ಜುವ ಬ್ರಶ್ ಹಿಡಿದು ಸ್ವತಃ ಹೆಡ್‌ಮಾಸ್ತರೇ ಹೊರಗೆ ಬಂದು, "ಎಂತಕ್ಕೆ ಬಂದ್ರೋ ಎಲ್ಲ?" ಅಂದಾಗ ಒಬ್ಬ ಕಿರುಚಿದ, ಒಬ್ಬ ಕಾಲಿಗೆ ಬಿದ್ದ. ಅಳಲಿಕ್ಕೆ ಬಂದವರು ಚಾ ಕುಡಿದು, ಶಾಲೆಯಲ್ಲಿ ಅವರಿಂದ ತಿಂದ ಪೆಟ್ಟುಗಳನ್ನು ನೆನೆದು ನಕ್ಕು, ಸಂಜೆಯಾದರೂ ಏಳಲಿಲ್ಲ.

ನನಗೆ ನಾಚಿಕೆಯಾಗಿ ಮೊಬೈಲು ತೆಗೆದೆ. "ಮಾಸ್ತರೇ, ತಪ್ಪಾತು. ಈಗಲೇ ನಿಮ್ಮನ್ನ ನೂರು ಮಾಡಿ ಹೊಸ ವಿಡಿಯೋ ಹಾಕ್ತೆ."

ಅವರು ಗಬಕ್ಕನೆ ನನ್ನ ಕೈ ಹಿಡಿದರು.

"ಸುಮ್ನಿರು ಮಾರಾಯಾ! ಇನ್ನೆರಡು ದಿನ ಐವತ್ತರಲ್ಲೇ ಇಡು. ಕುಮಟೆ ಬದಿಯವರು ಬರೂದು ಬಾಕಿ ಇದೆ."