ದ್ವೀಪಕ್ಕೆ ಮನೆ ನೋಡಲು ಹೋದದ್ದು

ಬುದ್ಧಿಗೇಡಿತನ ಬೇರೆಯವರಿಗೆ ಹಬ್ಬಕ್ಕೊಮ್ಮೆ ಬಂದು ಹೋಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಅದು ಖಾಯಂ ಬಾಡಿಗೆದಾರ.

೧. ಚುಕ್ಕೆ

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಗಾಜಿಪುರ ಓಣಿಯಲ್ಲಿ ನನ್ನ ಮನೆ, ಗಂಜ್ ಮಾರುಕಟ್ಟೆಯಲ್ಲಿ ತೊಗರಿ ವ್ಯಾಪಾರ. ಹೈದರಾಬಾದಿನ ಏಜೆಂಟನೊಬ್ಬ ನಕಾಶೆ ಬಿಚ್ಚಿ, ಕೆರಿಬಿಯನ್ ಸಮುದ್ರದಲ್ಲಿ ಸಾಸಿವೆಯಷ್ಟು ಚುಕ್ಕೆ ತೋರಿಸಿದ. "ಇಲ್ಲಿ ರೊಕ್ಕ ಹೂಡಿದ್ರ ಆ ದೇಶದ ಪ್ರಜೆ ಆಗ್ತೀರಿ, ಸಾವ್ಕಾರ್ರ."

ಹೂಡಬೇಕೆಂದರೆ ಕಮಲಾಪುರದ ಕೆಂಪು ಬಾಳೆಯ ತೋಟ ಮಾರಬೇಕು. ತೋಟ ಹೆಂಡತಿಯ ತವರಿನದು, ಸಹಿ ಅವಳದು.

"ಮನಿ ನೋಡದೇ ಹೆಣ್ಣು ಕೊಡ್ತಾರೇನ್ರಿ? ಮೊದ್ಲ ಹೋಗಿ ನೋಡ್ಕೊಂಡ ಬರ್ರಿ. ಆದ್ರ ಮನಸ್ಸಿಗಿ ಬರೂ ತನಕ ಅಲ್ಲಿ ಏನೂ ತಿನಬ್ಯಾಡ್ರಿ. ತಿಂದ್ರ ಸಂಬಂಧ ಒಪ್ಪಿದಂಗ," ಎಂದಳು.

ಪರದೇಶಕ್ಕೆ ಹೊರಟವನ ಬ್ಯಾಗಿನಲ್ಲಿ ಅಂಗಿಗಿಂತ ಖಡಕ್ ರೊಟ್ಟಿಯೇ ಹೆಚ್ಚಿದ್ದವು.

೨. ಚಹಾ

ದ್ವೀಪದ ಕಚೇರಿಯಲ್ಲಿ ಅಧಿಕಾರಿ ಹೆಣ್ಣುಮಗಳು ಚಹಾ ತರಿಸಿದಳು. ಮುಟ್ಟಲಿಲ್ಲ. ಜ್ಯೂಸ್ ತರಿಸಿದಳು. ಅದಕ್ಕೂ ಕೈಮುಗಿದೆ.

"ಮೈಯಲ್ಲಿ ಹುಷಾರಿಲ್ಲವೆ?"

"ಹುಷಾರಿದ್ದೇನೆ. ಇನ್ನೂ ಒಪ್ಪಿಗೆ ಆಗಿಲ್ಲ," ಎಂದೆ, ನನ್ನ ಹರಕು ಇಂಗ್ಲಿಷಿನಲ್ಲಿ.

ಆಮೇಲೆ ನಮ್ಮ ಪದ್ಧತಿಯಂತೆ ವಿಚಾರಣೆಗಿಳಿದೆ. ನೀರಿನ ಅನುಕೂಲ ಹೇಗೆ? ನೆರೆಹೊರೆ ಎಂಥವರು? ಮನೆತನದ ಮೇಲೆ ಏನಾದರೂ ಮಾತಿದೆಯೆ? ಆಕೆ ತಾಳ್ಮೆಯಿಂದ ಕೇಳಿ, ನನ್ನ ಅರ್ಜಿ ಎತ್ತಿ ತೋರಿಸಿದಳು.

"ಇದೆಲ್ಲ ನಾನು ನಿಮಗೆ ಕೇಳಬೇಕಾದದ್ದು."

೩. ಹಣ್ಣು

ಮೂರನೆಯ ದಿನ ಸಮುದ್ರದ ಗಾಳಿಗೆ ರೊಟ್ಟಿ ಮೆತ್ತಗಾದವು, ನಾನೂ ಮೆತ್ತಗಾದೆ. ಸಂತೆಯಲ್ಲಿ ಅಜ್ಜಿಯೊಬ್ಬಳ ಮುಂದೆ ಕೆಂಪು ಬಾಳೆ! ನೇಮ ಮುರಿದು ನಿಂತಲ್ಲೇ ನಾಲ್ಕು ತಿಂದೆ. ಇದೇ ಹಣ್ಣು ನಮ್ಮ ತೋಟದಲ್ಲಿ ಇನ್ನೂ ಸಿಹಿ ಎಂದು ಜಂಬ ಬೇರೆ ಕೊಚ್ಚಿದೆ.

"ನಿನ್ನದೇ ತೋಟವೋ?"

"ಹೌದು. ಅದನ್ನು ಮಾರಿ ಇಲ್ಲಿಗೆ ಬರುತ್ತೇನೆ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಐದನೆಯ ಹಣ್ಣು ಪುಕ್ಕಟೆ ಕೊಟ್ಟಳು. ತಲೆಕೆಟ್ಟವರಿಗೆ ನಾವೂ ಹಾಗೇ ಕೊಡುತ್ತೇವೆ. ನನಗೆ ನಿಜಕ್ಕೂ ನಾಚಿಕೆಯಾಯಿತು.

೪. ಒಪ್ಪಿಗೆ

"ಅಲ್ಲಿ ಏನರ ತಿಂದ್ರೇನು?" ಮನೆಗೆ ಬಂದೊಡನೆ ಹೆಂಡತಿಯ ಮೊದಲ ಪ್ರಶ್ನೆ.

"ಐದು ಬಾಳಿಹಣ್ಣು."

"ಅಯ್ಯ, ಹಂಗಾದ್ರ ಒಪ್ಪೇ ಬಂದೀರಿ."

ಎಲ್ಲಿ ಸಹಿ ಹಾಕಿಬಿಡುತ್ತಾಳೋ ಎಂದು ಕಿಸೆಯಲ್ಲಿದ್ದ ಪೆನ್ನನ್ನು ಕೈಯಿಂದ ಮುಚ್ಚಿಕೊಂಡೆ. ಅಷ್ಟು ಹೊತ್ತಿಗೆ ತೋಟ ಮಾರುವ ಮನಸ್ಸು ನನಗೇ ಉಳಿದಿರಲಿಲ್ಲ. ಅವಳು ಸಾವಕಾಶ ಸೆರಗು ಸರಿಮಾಡಿಕೊಂಡಳು.

"ಆದ್ರ ಒಂದ ಕಡಿಯವರು ಒಪ್ಪಿದ್ರ ಆಗ್ತದೇನ್ರಿ? ಅವರೂ ನಮ್ಮ ಮನಿ ನೋಡಾಕ ಬರ್ಲಿ. ಚುರಮುರಿ ಸುಸಲಾ ಮಾಡ್ತೀನಿ. ಅವರು ತಿಂದ ಮ್ಯಾಲ ಸಹಿ."

ಅಂದಿನಿಂದ ಯಾರೇ ಬಾಗಿಲು ಬಡಿಯಲಿ, ಒಳಗಿನಿಂದ ಅವಳ ದನಿ ಕೇಳುತ್ತದೆ: "ನೋಡ್ರಿ, ನಿಮ್ಮ ದೇಶ ಬಂತೇನು."