ಸರ್ಕಾರ ನಿಂತು ಕೇಳಿದ ಪ್ರಾರ್ಥನೆ

ನನ್ನ ಸೋದರಮಾವ ನಿಜಾಮರ ಕಾಲದ ಬೀದರ ಜಿಲ್ಲೆಯ ರಾಜಕೀಯದಲ್ಲಿ ಬಹಳ ವರ್ಷ ಇದ್ದರು. ಅಷ್ಟು ವರ್ಷಗಳಲ್ಲಿ ಅವರು ಒಂದೂ ಭಾಷಣ ಮಾಡಲಿಲ್ಲ, ಒಂದು ವಾದದಲ್ಲೂ ಗೆಲ್ಲಲಿಲ್ಲ, ಒಬ್ಬರನ್ನೂ ಬೈಯಲಿಲ್ಲ. ಆದರೂ ಅವರು ಬರುತ್ತಿದ್ದಾರೆಂದು ತಿಳಿದರೆ ಸಾಕು, ಕಚೇರಿಯ ಗುಮಾಸ್ತರು ಹಿಂಬಾಗಿಲಿನಿಂದ ಪರಾರಿಯಾಗುತ್ತಿದ್ದರು! ಯಾಕೆ? ಮಾವ ಪ್ರಾರ್ಥನೆ ಮಾಡುತ್ತಿದ್ದರು.

ನಗಬೇಡಿ. ನಾನು ಆಗ ಹೈದರಾಬಾದಿನ ಪತ್ರಿಕೆಯೊಂದಕ್ಕೆ ಬೀದರಿನ ಸುದ್ದಿ ಬರೆದು ಕಳಿಸುತ್ತಿದ್ದೆ. ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಬರೆಯಬೇಕೆಂಬುದು ಸಂಪಾದಕರ ಕಟ್ಟಪ್ಪಣೆ. ಇಲ್ಲಿಯೂ ಅದನ್ನು ಮೀರಿಲ್ಲ.

ಮಾವ ಊರೂರು ತಿರುಗಿ ಸುವಾರ್ತೆ ಸಾರುವ ಪಾಸ್ಟರ್. ಜನರ ಬಾಯಲ್ಲಿ ಪಾದ್ರಿ. ತಲೆಗೆ ರುಮಾಲು, ಮೈಗೆ ಯಾರೋ ಬಿಳಿಯ ಪಾದ್ರಿ ದೊರೆ ಸ್ವದೇಶಕ್ಕೆ ಹೊರಡುವಾಗ ಬಿಟ್ಟುಹೋದ ಕರಿ ಕೋಟು. ಆ ದೊರೆ ಭಾರಿ ಆಳು, ಮಾವ ಅಲ್ಲ. ಮಾವ ಎಡಕ್ಕೆ ತಿರುಗಿದರೆ ಕೋಟು ಸ್ವಲ್ಪ ಹೊತ್ತು ಬಿಟ್ಟು ತಿರುಗುತ್ತಿತ್ತು. ಸವಾರಿಗೆ ಒಂದು ತಟ್ಟು ಕುದುರೆ. ಸಂತೆಸಂತೆಯಲ್ಲಿ ನಿಂತು ಮಾವನ ಉಪದೇಶ ಕೇಳಿ ಕೇಳಿ, ಅದಕ್ಕೆ ಎಲ್ಲಿ ಗುಂಪು ಕಂಡರೂ ನಿಂತುಬಿಡುವ ಅಭ್ಯಾಸವಾಗಿತ್ತು. ಮದುವೆಯಾಗಲಿ, ಜಗಳವಾಗಲಿ, ಎಮ್ಮೆಯ ಹರಾಜಾಗಲಿ, ಅದಕ್ಕೆ ಎಲ್ಲ ಒಂದೇ. ಮಾವ ಪ್ರಾರ್ಥನೆ ಮುಗಿಸುವ ತನಕ ಒಂದು ಹೆಜ್ಜೆ ಕೀಳುತ್ತಿರಲಿಲ್ಲ.

ಮಾವನನ್ನು ರಾಜಕೀಯಕ್ಕೆ ತಂದದ್ದೂ ಈ ಕುದುರೆಯೇ. ಬಗದಲ್ ಕಡೆಯ ಕಾಯಿಪಲ್ಲೆಯವರು ಸಂತೆ ಸುಂಕ ಹೆಚ್ಚಾಯಿತೆಂದು ಬೀದರಿನ ಕಚೇರಿಯ ಮುಂದೆ ಸೇರಿ ಕೂಗಾಡುತ್ತಿದ್ದರು. ಕೆಮ್ಮಿನ ಔಷಧಿ ತರಲು ಹೊರಟಿದ್ದ ಮಾವ ಆ ದಾರಿಯಲ್ಲಿ ಬಂದರು. ಕುದುರೆ ನಿಂತಿತು.

"ಪಾದ್ರಿಯವರು ನಮ್ಮ ಸಲುವಾಗಿ ಬಂದಾರ್ರೋ!" ಎಂದು ಯಾರೋ ಕೂಗಿದರು.

"ನಾ ಬಂದಿಲ್ರೋ ಯಪ್ಪಾ, ಕುದುರಿ ಬಂದದ!"

ಯಾರು ಕೇಳುತ್ತಾರೆ? ಅಷ್ಟರಲ್ಲಿ ಜಿಲ್ಲೆಗೆಲ್ಲ ದೊಡ್ಡ ಅಧಿಕಾರಿಯಾದ ತಾಲೂಕ್‌ದಾರ್ ಸಾಹೇಬರು ಹೊರಗೆ ಬಂದರು. ಸುಂಕದ ವಿಷಯ ಮಾವನಿಗೆ ಏನೇನೂ ಗೊತ್ತಿರಲಿಲ್ಲ. ಗೊತ್ತಿದ್ದ ಒಂದೇ ಕೆಲಸ ಮಾಡಿದರು. ಕಣ್ಣು ಮುಚ್ಚಿ, ಕೈ ಎತ್ತಿ, ಸಾಹೇಬರ ಮಾತಾದ ಉರ್ದುವಿನಲ್ಲೇ ಸಾಹೇಬರಿಗಾಗಿ ಪ್ರಾರ್ಥನೆ ಶುರು ಮಾಡಿದರು. ದೇವರೇ, ಸಾಹೇಬರಿಗೆ ಆಯುಷ್ಯ ಕೊಡು. ಅವರ ಮಕ್ಕಳಿಗೆ ವಿದ್ಯೆ ಕೊಡು. ಅವರ ಮೊಣಕಾಲು ನೋವು ಕಳೆ. ಸಾಹೇಬರು ದಿನವೂ ತಪ್ಪದೆ ನಮಾಜು ಮಾಡುವವರು. ದೇವರ ಮುಂದೆ ಕೈ ಎತ್ತಿದವನನ್ನು ನಡುವೆ ತಡೆಯುವುದು ಅವರ ಮನೆತನದಲ್ಲೇ ಇಲ್ಲದ ನಡತೆ. ತಾವೂ ಕಣ್ಣು ಮುಚ್ಚಿ, ಅಂಗೈ ಚಾಚಿ ಬಿಸಿಲಲ್ಲಿ ನಿಂತರು. ಮಾವ ನಿಧಾನವಾಗಿ ಸುಂಕಕ್ಕೆ ಇಳಿದರು. ಹಿಂದಿನಿಂದ ಒಬ್ಬಾಕೆ, "ಬದನಿಕಾಯಿದೂ ಹೇಳ್ರಿ!" ಎಂದು ಪಿಸುಗುಟ್ಟಿದಳು. ಮಾವ ಬದನೆಕಾಯಿಯನ್ನೂ ದೇವರಿಗೆ ಅರಿಕೆ ಮಾಡಿದರು. ಇನ್ನೊಬ್ಬ ಮೆಣಸಿನಕಾಯಿ ಎಂದ. ಅದೂ ಮೇಲಕ್ಕೆ ಹೋಯಿತು.

ಕೊನೆಗೆ ಸಾಹೇಬರೇ ಒಂದು ಕಣ್ಣು ತೆರೆದರು. "ಬಸ್, ಪಾದ್ರಿ ಸಾಬ್! ಸುಂಕ ಮಾಫ್! ಇನ್ನ ಮುಗಸ್ರಿ!"

ಇಂಥವರು ಹೊರಗೆ ಬಿಸಿಲಲ್ಲಿರುವುದಕ್ಕಿಂತ ಒಳಗೆ ನೆರಳಲ್ಲಿರುವುದು ವಾಸಿ ಎಂದು ಸಾಹೇಬರಿಗೆ ಅನ್ನಿಸಿರಬೇಕು. ತಾವೇ ಅಧ್ಯಕ್ಷರಾಗಿದ್ದ, ಜಿಲ್ಲೆಯ ರಸ್ತೆ ಬಾವಿಗಳನ್ನು ನೋಡಿಕೊಳ್ಳುವ ಸಮಿತಿಗೆ ಮಾವನನ್ನು ನೇಮಿಸಿದರು.

ಆ ಸಮಿತಿಯಲ್ಲಿ ಇದ್ದವರು ನಮ್ಮ ಶೆಟ್ಟರು. ಹಲಬರ್ಗಾದವರು, ಭಾಲ್ಕಿಯಲ್ಲಿ ಅರಿವೆ ಅಂಗಡಿ, ಬಸವಣ್ಣನ ಒಕ್ಕಲು. ಅವರಿಗೆ ಭಾಲ್ಕಿಯಿಂದ ಹಲಬರ್ಗಾಕ್ಕೆ ರಸ್ತೆ ಬೇಕು. ಮಾವನಿಗೆ ಊರ ಹೊರಗಿನ ಕೇರಿಗಳ ಜನರಿಗೆ ಬಾವಿ ಬೇಕು. ಮೊದಲ ಸಭೆಯಲ್ಲಿ ಮಾವ ಕಣ್ಣು ಮುಚ್ಚಿದರು. ಶೆಟ್ಟರು ಕೈಮುಗಿದು ಕೂತು ಸೋತರು. ಮುಂದಿನ ಸಭೆಯಲ್ಲಿ ಮಾವ "ಪರಲೋಕದ ತಂದೆಯೇ" ಎನ್ನುತ್ತಲೇ ಶೆಟ್ಟರು ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಎಡಗೈ ಮೇಲಿಟ್ಟು, ದೃಷ್ಟಿ ನೆಟ್ಟು ಕೂತುಬಿಟ್ಟರು!

"ನಿಂದು ಮುಗೀಲಿ ಪಾದ್ರಿ. ನಂದೂ ಮುಗೀತದ."

ಪ್ರಾರ್ಥನೆಗೆ ಶೆಟ್ಟರು ಅಡ್ಡ ಬರುವಂತಿಲ್ಲ, ಪೂಜೆಗೆ ಮಾವ ಅಡ್ಡ ಬರುವಂತಿಲ್ಲ, ಇಬ್ಬರಿಗೂ ಸಾಹೇಬರು ಅಡ್ಡ ಬರುವಂತಿಲ್ಲ. ಸಾಹೇಬರು ಎದ್ದು ಹೋಗಿ ತಮ್ಮ ನಮಾಜು ಮುಗಿಸಿ ಬಂದರು. ಇವರಿಬ್ಬರೂ ಕೂತಲ್ಲೇ ಇದ್ದರು. ಆ ಸಂಜೆ ರಸ್ತೆಯೂ ಮಂಜೂರಾಯಿತು, ಬಾವಿಗಳೂ ಮಂಜೂರಾದವು. ಸಾಹೇಬರಿಗೆ ಮನೆಗೆ ಹೋಗಬೇಕಿತ್ತು. "ಸಭೆ ಅತ್ಯಂತ ಶಾಂತವಾಗಿ ನಡೆಯಿತು" ಎಂದು ನಾನು ಪತ್ರಿಕೆಗೆ ಬರೆದೆ. ಅದಕ್ಕಿಂತ ನಿಜವಾದ ವಾಕ್ಯವನ್ನು ನಾನು ಇಂದಿಗೂ ಬರೆದಿಲ್ಲ.

ಅಂದಿನಿಂದ ಇಬ್ಬರೂ ಜೀವದ ಗೆಳೆಯರು. ಭೇಟಿಯಾದಾಗಲೆಲ್ಲ ಅದೇ ಮಾತು.

"ಶೆಟ್ಟರ, ಯೇಸುಸ್ವಾಮಿ ಹಾದಿಗಿ ಬರ್ರಿ."

"ಮೊದಲ ಹಲಬರ್ಗಾ ಹಾದಿಗಿ ಖಡಿ ಹಾಕಸೋ ಪಾದ್ರಿ. ಆಮ್ಯಾಲ ನೋಡೋಣಂತ."

ಮಂಜೂರಾದ ಬಾವಿಗಳಲ್ಲಿ ಒಂದು ಔರಾದ ತಾಲೂಕಿನ ಎಕಂಬಾದ್ದು. ಮಾವ ಹುಟ್ಟಿದ್ದು ಆ ಊರ ಹೊರಗಿನ ಕೇರಿಯಲ್ಲಿ. ಅವರ ತಾಯಿ, ಎಂದರೆ ನನ್ನ ಅಜ್ಜಿ, ಆಗಲೂ ಅಲ್ಲೇ ಇದ್ದಳು. ಕೇರಿಯವರು ಊರ ಬಾವಿಯನ್ನು ಮುಟ್ಟುವಂತಿರಲಿಲ್ಲ. ದೂರದಲ್ಲಿ ಕೊಡ ಹಿಡಿದು ನಿಲ್ಲಬೇಕು. ಮನಸ್ಸು ಬಂದವರು ಎತ್ತರದಿಂದ ಸುರಿದರೆ ನೀರು, ಇಲ್ಲದಿದ್ದರೆ ಇಲ್ಲ. ಅಜ್ಜಿ ಮದುವೆಯಾಗಿ ಬಂದಂದಿನಿಂದ ಹಾಗೆ ನಿಂತವಳು. ಹೊಸ ಬಾವಿ ಎಲ್ಲರದೂ ಎಂದು ಸರ್ಕಾರದ ಆದೇಶವಿತ್ತು. ಕಲ್ಲು ಒಡೆದು ಅದನ್ನು ತೋಡಿದವರೂ ಕೇರಿಯವರೇ. ನೀರು ಕಂಡ ದಿನ ಊರ ಗೌಡ ಬಂದು ನಿಂತ.

"ನೀರು ಎಲ್ಲಾರಿಗೂ ಸಿಗ್ತದ. ಹಗ್ಗ ಮಾತ್ರ ನಮ್ಮ ಕೈಯಾಗ ಇರ್ತದ."

ಮಾವ ಬಾವಿಯ ಕಟ್ಟೆಯ ಬಳಿ ಕಣ್ಣು ಮುಚ್ಚಿ ಕೈ ಎತ್ತಿದರು. ಗೌಡ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಬಹಳ ಮರ್ಯಾದೆಯಿಂದ, "ನೀವು ಸಾವಕಾಶ ಮುಗಸ್ರಿ ಪಾದ್ರಿಯವರ, ನಾ ಹೊಲಕ್ಕ ಹೋಗಿ ಬರ್ತೇನಿ" ಎಂದು ನಡೆದೇಬಿಟ್ಟ! ತಾಲೂಕ್‌ದಾರರನ್ನೇ ನಿಲ್ಲಿಸಿದ ಪ್ರಾರ್ಥನೆ ಒಬ್ಬ ಗೌಡನನ್ನು ನಿಲ್ಲಿಸಲಿಲ್ಲ. ಬೀದರಿನಿಂದ ಜವಾನ ಬಂದು ಆದೇಶ ಓದಿ ಹೋದ. ಅವನ ಬೆನ್ನು ಮರೆಯಾಗುತ್ತಲೇ ಹಗ್ಗ ಮತ್ತೆ ಗೌಡನ ಮನೆ ಸೇರಿತು.

ಮಾವ ಭಾಲ್ಕಿಗೆ ಬಂದು ಶೆಟ್ಟರ ಅಂಗಡಿಯಲ್ಲಿ ಸುಮ್ಮನೆ ಕೂತರು. ನಾನೂ ಜೊತೆಗಿದ್ದೆ. ಶೆಟ್ಟರಿಗೆ ಗಾಬರಿಯಾಯಿತು.

"ಯಾಕೋ ಪಾದ್ರಿ, ಕಣ್ಣ ತೆರೆದು ಕುಂತೀದಿ? ಮೈಯಾಗ ಆರಾಮಿಲ್ಲೇನು?"

"ನಮ್ಮವ್ವ ಇನ್ನೂ ದೂರ ನಿಂತಾಳ್ರಿ, ಶೆಟ್ಟರ."

ಶೆಟ್ಟರು ಗಜಕೋಲು ಕೆಳಗಿಟ್ಟರು. "ನಿನ್ನ ಪ್ರಾರ್ಥನಿ ಕೇಳಿ ಕೇಳಿ ನನ್ನ ಕಿವಿ ಸೋತಾವ. ಒಂದು ಸಲ ನಾ ಗೆದ್ದು ತೋರಸ್ತೇನಿ, ನಡಿ" ಎಂದು ಅಂಗಡಿಯ ಬಾಗಿಲು ಹಾಕಿದರು.

ಮರುದಿನ ಬೆಳಗ್ಗೆ ಎಕಂಬಾದ ಹೊಸ ಬಾವಿಯ ಕಟ್ಟೆಯ ಮೇಲೆ ಶೆಟ್ಟರು ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರು. ಊರೇ ಸೇರಿತು. ಗೌಡನೂ ಬಸವಣ್ಣನ ಒಕ್ಕಲೇ, ಕೊಡ ಹಗ್ಗ ಹಿಡಿದು ಓಡಿಬಂದ.

"ಶರಣ್ರಿ ಶೆಟ್ಟರ! ಪೂಜಿಗಿ ನೀರು ನಾ ಸೇದಿ ಕೊಡ್ತೇನಿ."

"ಬ್ಯಾಡ. ಪಾದ್ರಿ ಸೇದಲಿ."

"ಅವರು ಕೇರಿಯವರ್ರಿ..."

"ಲಿಂಗದ ಮುಂದ ಕೇರಿ ಎಣಸ್ತೀಯೇನೋ? ಬಸವಣ್ಣ ಅನ್ನೋ ಬಾಯಿ ಹೌದಲ್ಲೋ ಇದು?" ಎಂದವರೇ ಶೆಟ್ಟರು ಅಂಗೈಯಲ್ಲಿ ದೃಷ್ಟಿ ನೆಟ್ಟರು. ಮುಗಿಯಿತು! ಪೂಜೆಗೆ ಕೂತವರನ್ನು ಗೌಡ ಮಾತಾಡಿಸುವ ಹಾಗಿಲ್ಲ, ನೀರಿಲ್ಲದೆ ಪೂಜೆ ಮುಂದೆ ಸಾಗುವ ಹಾಗಿಲ್ಲ, ಪೂಜೆ ಅರ್ಧಕ್ಕೆ ಬಿಟ್ಟು ಹೊಲಕ್ಕೆ ಹೋಗುವ ಹಾಗಂತೂ ಇಲ್ಲವೇ ಇಲ್ಲ. ಬಿಸಿಲು ಏರಿತು. ಗೌಡನ ಕೈಯ ಹಗ್ಗ ನಿಧಾನವಾಗಿ ಮಾವನ ಕೈಗೆ ಬಂತು. ಮಾವ ಸೇದಿದರು. ಶೆಟ್ಟರು ಆ ನೀರಿನಿಂದ ಲಿಂಗವನ್ನು ತೊಳೆದು, ತೀರ್ಥ ಕುಡಿದು, ಗೌಡನ ಕಡೆ ಚಾಚಿದರು. ಗೌಡ ಸುತ್ತ ನೋಡಿದ, ಅಂಗೈ ಒಡ್ಡಿದ, ಕುಡಿದ.

ಕೇರಿಯವರು ಹಾಕಿದ ಕೇಕೆ ಔರಾದಿಗೆ ಕೇಳಿಸಿತಂತೆ. ಇದು ನಾನು ಕೇಳಿದ್ದು, ಕಂಡದ್ದಲ್ಲ. ಮಾವನಿಗೆ ಮಾತ್ರ ತುಸು ಹೊಟ್ಟೆಕಿಚ್ಚು. "ಬಾಯಿ ಬಿಚ್ಚದ ಗೆದ್ದಿರಲ್ರಿ, ಶೆಟ್ಟರ!"

"ಎಷ್ಟು ಸಲ ಹೇಳೀನಿ ನಿನಗ? ದೇವರಿಗಿ ಕಿವಿ ಛಲೋ ಕೇಳಸ್ತಾವ!"

ಗದ್ದಲ ಇಳಿದ ಮೇಲೆ ನೋಡಿದರೆ ಅಜ್ಜಿ ಎಂದಿನಷ್ಟೇ ದೂರದಲ್ಲಿ ಕೊಡ ಹಿಡಿದು ನಿಂತಿದ್ದಳು. ಬಾ ಎಂದು ಎಲ್ಲರೂ ಕರೆದರೂ ಕಾಲು ಮುಂದೆ ಬರಲಿಲ್ಲ. ಮಾವ ಹೋಗಿ ಕೈಹಿಡಿದು ಕರೆತಂದು ಹಗ್ಗ ಕೊಟ್ಟರು. ಅವಳು ಒಂದು ಕೊಡ ನೀರು ತಾನೇ ಸೇದಿ ಎತ್ತಿದಳು. ತಿರುಗಿದರೆ ಗೌಡನ ಹೆಂಡತಿ ಖಾಲಿ ಕೊಡ ಹಿಡಿದು, ಹತ್ತಿರ ಬರಬೇಕೋ ಬಾರದೋ ತಿಳಿಯದೆ, ಅಂತರದಲ್ಲಿ ನಿಂತಿದ್ದಳು. ಅಜ್ಜಿ ಅವಳನ್ನೇ ನೋಡಿದಳು. ಹಾಗೆ ನಿಂತವರನ್ನು ಬಾವಿಯ ಕಡೆಯಿಂದ ಅವಳು ನೋಡಿದ್ದು ಅದೇ ಮೊದಲು.

"ಅಷ್ಟು ದೂರ ನಿಂತರ ಸೀರಿ ತೋಯ್ತದ, ತಾಯಿ" ಎಂದಳು ಅಜ್ಜಿ. "ಸಮೀಪ ಬಾ, ಹಾಕ್ತೇನಿ."

ಅವಳು ಬಂದಳು. ಅಜ್ಜಿ ಒಂದು ಹನಿಯೂ ಸಿಡಿಯದ ಹಾಗೆ, ಕೊಡದ ಬಾಯಿಗೆ ಕೊಡದ ಬಾಯಿ ತಾಗಿಸಿ, ನೀರು ಸುರಿದಳು.